ಹತ್ತು ದಿನದ ಜಪಾನ್ ‘ವಿನಿಮಯ’ ಪ್ರವಾಸ: ಶಾಲೆಗೆ ಸಿಕ್ಕಿದ್ದು ಎರಡೂವರೆ ದಿನ

ಕಳೆದ ವರ್ಷದ ದಸರಾ ರಜೆಯಲ್ಲಿ, ನಾನು ಒಂಬತ್ತನೇ ತರಗತಿಯಲ್ಲಿದ್ದಾಗ, ಮೈಸೂರಿನ ನಮ್ಮ ಶಾಲೆಯಿಂದ ಹದಿನೆಂಟು ವಿದ್ಯಾರ್ಥಿಗಳು ಮತ್ತು ಇಬ್ಬರು ಶಿಕ್ಷಕರು ‘ವಿದ್ಯಾರ್ಥಿ ವಿನಿಮಯ ಕಾರ್ಯಕ್ರಮ’ದ ಹೆಸರಿನಲ್ಲಿ ಜಪಾನಿಗೆ ಹೋಗಿಬಂದೆವು. ಹತ್ತು ದಿನಗಳ ಆ ಪ್ರವಾಸದಲ್ಲಿ ಹಿರೊಶಿಮಾದ ಶಾಲೆಯೊಳಗೆ ನಾವು ಕಳೆದದ್ದು ಎರಡೂವರೆ ದಿನ, ಅಲ್ಲಿನ ಮನೆಗಳಲ್ಲಿ ಉಳಿದದ್ದು ಮೂರು ರಾತ್ರಿ. ಉಳಿದ ದಿನಗಳೆಲ್ಲ ಬಸ್ಸು, ಹೋಟೆಲು, ಸಾಲು ಮತ್ತು ಫೋಟೊಗಳಲ್ಲಿ ಕಳೆದವು. ಈ ವರ್ಷವೂ ಅದೇ ಪ್ರವಾಸದ ಕರಪತ್ರ ಶಾಲೆಯ ಫಲಕದಲ್ಲಿ ಬಿದ್ದಿದೆ, ಕಿರಿಯ ತರಗತಿಯ ಕೆಲವರು ಬಂದು ‘ಹೋಗಬಹುದಾ ಅಕ್ಕ?’ ಎಂದು ಕೇಳುತ್ತಿದ್ದಾರೆ. ಪ್ರತಿಯೊಬ್ಬರಿಗೂ ಮೆಟ್ಟಿಲ ಮೇಲೆ ನಿಂತು ಅರ್ಧ ಉತ್ತರ ಕೊಡುವುದಕ್ಕಿಂತ ನನ್ನ ಅಭಿಪ್ರಾಯವನ್ನು ಒಮ್ಮೆ ಪೂರ್ತಿಯಾಗಿ ಬರೆದುಬಿಡುವುದು ಒಳ್ಳೆಯದೆನಿಸಿತು.

ಪ್ರವಾಸವನ್ನು ಏರ್ಪಡಿಸಿದ್ದು ಒಂದು ಖಾಸಗಿ ಸಂಸ್ಥೆ. ತಲಾ 2,60,000 ರೂಪಾಯಿ ಕಟ್ಟಿಸಿಕೊಂಡಿದ್ದರು. ವಿಮಾನ, ವೀಸಾ, ವಸತಿ, ಬೆಳಗಿನ ತಿಂಡಿ ಮತ್ತು ರಾತ್ರಿಯೂಟ ಇದರಲ್ಲಿಯೇ ಸೇರಿದೆ ಎಂದು ಪೋಷಕರ ಸಭೆಯಲ್ಲಿ ಹೇಳಿದ್ದರು. ಯಾವ ಬಾಬ್ತಿಗೆ ಎಷ್ಟು ಎಂಬ ಬಿಡಿ ಲೆಕ್ಕವನ್ನು ಅಪ್ಪ ಎರಡು ಬಾರಿ ಕೇಳಿದರೂ ಅದು ಕೊನೆಯವರೆಗೆ ಬರಲಿಲ್ಲ. ವೀಸಾ ಕೆಲಸವನ್ನು ಮಾತ್ರ ಅವರು ಅಚ್ಚುಕಟ್ಟಾಗಿ ಮಾಡಿದರೆಂದು ಒಪ್ಪಬೇಕು. ಅಪ್ರಾಪ್ತ ವಯಸ್ಕರಾದ ನಮಗೆ ತಂದೆ ತಾಯಿಯರ ಒಪ್ಪಿಗೆ ಪತ್ರ, ಶಾಲೆಯ ಪತ್ರ, ಬ್ಯಾಂಕ್ ದಾಖಲೆ ಇತ್ಯಾದಿಗಳನ್ನೆಲ್ಲ ಕ್ರಮವಾಗಿ ಜೋಡಿಸಿಕೊಟ್ಟಿದ್ದರಿಂದ ಒಬ್ಬರ ಅರ್ಜಿಯೂ ಹಿಂದಕ್ಕೆ ಬರಲಿಲ್ಲ. ಹೊರಡುವ ಮೊದಲು ನಡೆದ ಎರಡು ಗಂಟೆಗಳ ಮಾಹಿತಿ ಶಿಬಿರ ಮಾತ್ರ ಸೂಟ್‌ಕೇಸಿನ ತೂಕ, ಸಿಮ್ ಕಾರ್ಡು, ಯಾವ ಬಣ್ಣದ ಟೀ ಶರ್ಟು ಎಂಬ ಮೂರು ವಿಷಯಗಳಲ್ಲಿಯೇ ಮುಗಿಯಿತು. ಪರರ ಮನೆಯಲ್ಲಿ ಮೂರು ರಾತ್ರಿ ಉಳಿಯಲಿರುವ ಮಕ್ಕಳಿಗೆ ಆ ಮನೆಯ ರೀತಿರಿವಾಜುಗಳ ಬಗ್ಗೆ ಒಂದು ಮಾತೂ ಹೇಳದೆ ಕಳಿಸಿದರು. ಅದರ ಫಲವನ್ನು ನಾನು ಅನುಭವಿಸಿದ್ದು ಮುಂದೆ ಬರುತ್ತದೆ.

ಬೆಂಗಳೂರಿನಿಂದ ಬ್ಯಾಂಕಾಕ್ ಮಾರ್ಗವಾಗಿ ಒಸಾಕಾದ ಕನ್ಸಾಯ್ ವಿಮಾನ ನಿಲ್ದಾಣಕ್ಕೆ ಹೋದೆವು. ಸಮುದ್ರದಲ್ಲಿ ಮಣ್ಣು ತುಂಬಿ ಮಾಡಿದ ದ್ವೀಪದ ಮೇಲೆ 1994ರಲ್ಲಿ ಆರಂಭವಾದ ನಿಲ್ದಾಣ ಅದು. ಅಲ್ಲಿಂದ ಮುಂದಿನ ನಾಲ್ಕು ದಿನಗಳ ಬಗ್ಗೆ ಹೆಚ್ಚು ಬರೆಯುವುದಕ್ಕೆ ನನ್ನಲ್ಲಿ ಏನೂ ಇಲ್ಲ. ಕ್ಯೋಟೊದ ಚಿನ್ನದ ಮಂಟಪವನ್ನು ಜನಜಂಗುಳಿಯ ಹೆಗಲುಗಳ ನಡುವಿನಿಂದ ನೋಡಿದೆವು. ಫುಶಿಮಿ ಇನಾರಿ ದೇಗುಲದ ಕೆಂಪು ಕಮಾನುಗಳ ಸಾಲಿನಲ್ಲಿ ಮೊದಲ ನೂರು ಹೆಜ್ಜೆ ನಡೆಯುವಷ್ಟರಲ್ಲಿ ಬಸ್ಸಿಗೆ ಹೊತ್ತಾಯಿತೆಂದು ಹಿಂದಕ್ಕೆ ಕರೆದರು. ಒಂದು ಪೂರ್ಣ ದಿನ ಥೀಮ್ ಪಾರ್ಕಿಗೆ ಹೋಯಿತು, ಇನ್ನೊಂದು ದಿನದ ಬಹುಭಾಗ ಅಂಗಡಿ ಬೀದಿಗಳಿಗೆ. ನೋಡಿದ್ದು ಚೆನ್ನಾಗಿರಲಿಲ್ಲವೆಂದಲ್ಲ. ಆದರೆ ಅದನ್ನೆಲ್ಲ ಯಾವ ಪ್ರವಾಸಿಯಾದರೂ ಟಿಕೆಟ್ಟು ಕೊಂಡು ನೋಡಬಹುದು. ಶಾಲೆಯ ಸಮವಸ್ತ್ರ ತೊಟ್ಟು, ಶಾಲೆಯ ಹೆಸರಿನಲ್ಲಿ ಹೋಗುವ ಅಗತ್ಯ ಇರಲಿಲ್ಲ.

ಊಟದ ವಿಷಯ ಇಲ್ಲಿಯೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಏಳು ಮಂದಿ ಮೀನು, ಮಾಂಸ, ಮೊಟ್ಟೆ ತಿನ್ನದವರು. ಕರಪತ್ರದಲ್ಲಿ ‘ಶುದ್ಧ ಸಸ್ಯಾಹಾರ ಲಭ್ಯ’ ಎಂದು ದಪ್ಪ ಅಕ್ಷರಗಳಲ್ಲಿ ಅಚ್ಚಾಗಿತ್ತು. ಒಸಾಕಾದಲ್ಲಿ ಅದರ ಅರ್ಥ ಸತತ ನಾಲ್ಕು ರಾತ್ರಿ ಅದೇ ಭಾರತೀಯ ಹೋಟೆಲಿನ ಅದೇ ನಾನ್ ಮತ್ತು ಅದೇ ದಾಲ್. ಹಗಲಿನ ಊಟ ನಮ್ಮ ಕೈಖರ್ಚಿನದು, ಮತ್ತು ನಿಜವಾದ ತೊಡಕು ಇದ್ದದ್ದು ಅಲ್ಲಿ. ಜಪಾನಿನ ಅಡುಗೆಯಲ್ಲಿ ‘ದಾಶಿ’ ಎಂಬ ತಿಳಿಸಾರು ಹೆಚ್ಚುಕಡಿಮೆ ಎಲ್ಲದರ ತಳಹದಿ. ಅದನ್ನು ಸಾಮಾನ್ಯವಾಗಿ ‘ಕತ್ಸುಒಬುಶಿ’ ಎಂಬ ಒಣಮೀನಿನ ಹೆರಕಲಿನಿಂದ ಮಾಡುತ್ತಾರೆ. ಆದ್ದರಿಂದ ತರಕಾರಿ ಮಾತ್ರ ಕಾಣುವ ಬಟ್ಟಲಿನಲ್ಲಿಯೂ ಮೀನು ಇರುತ್ತದೆ, ಬಡಿಸುವವರು ‘ಇಲ್ಲ’ ಎಂದು ಪ್ರಾಮಾಣಿಕವಾಗಿಯೇ ಹೇಳುತ್ತಾರೆ, ಏಕೆಂದರೆ ಅವರ ಲೆಕ್ಕದಲ್ಲಿ ಅದು ಮೀನಲ್ಲ, ಬರೀ ರುಚಿ. ಎರಡನೇ ದಿನ ನಮಗೆ ಹಂಚಿದ ‘ಸಸ್ಯಾಹಾರಿ’ ಡಬ್ಬಿಯ ಪಾಲಕ್ ಸೊಪ್ಪಿನ ಮೇಲೆ ಮರದ ಹೊಟ್ಟಿನಂಥದ್ದೇನೋ ಗಾಳಿಗೆ ಅಲುಗಾಡುತ್ತಿತ್ತು, ಅದೇ ಒಣಮೀನು. ಅಂದಿನಿಂದ ನಾನು ಮೀನು ಮತ್ತು ಮಾಂಸದ ಎರಡು ಚಿತ್ರಾಕ್ಷರಗಳನ್ನು ಅಂಗೈಯಲ್ಲಿ ಬರೆದುಕೊಂಡು ತಿರುಗಿದೆ. ಮೀನಿನ ಅಕ್ಷರದ ಕೆಳಗೆ ಬಾಲದ ಹಾಗೆ ನಾಲ್ಕು ಚುಕ್ಕಿಗಳಿರುತ್ತವೆ, ಮಾಂಸದ್ದು ತಳವಿಲ್ಲದ ಚೌಕಟ್ಟಿನೊಳಗೆ ಇಬ್ಬರು ನಿಂತಂತೆ ಕಾಣುತ್ತದೆ. ಪೊಟ್ಟಣದ ಹಿಂಬದಿಯಲ್ಲಿ ಅವುಗಳನ್ನು ಹುಡುಕಿ, ಇಲ್ಲವೆಂದಾದ ಮೇಲೆ ತಿನ್ನುವುದು. ಥೀಮ್ ಪಾರ್ಕಿನ ದಿನ ನಮ್ಮನ್ನು ಉಳಿಸಿದ್ದು ಬೆಳಿಗ್ಗೆ ಚಿಲ್ಲರೆ ಅಂಗಡಿಯಲ್ಲಿ ಕೊಂಡಿದ್ದ ‘ಉಮೆಬೊಶಿ’ ತುಂಬಿದ ಅನ್ನದ ಉಂಡೆ. ಆ ಉಪ್ಪುಹುಳಿ ಹಣ್ಣು ನಮ್ಮ ಮನೆಯ ನೆಲ್ಲಿಕಾಯಿ ಉಪ್ಪಿನಕಾಯಿಯ ದೂರದ ನೆಂಟನಂತಿದೆ. ಅಮ್ಮ ಕಟ್ಟಿಕೊಟ್ಟಿದ್ದ ಚಟ್ನಿಪುಡಿ ಐದನೇ ದಿನಕ್ಕೇ ಖಾಲಿಯಾಯಿತು. ನನ್ನದೊಬ್ಬಳದೇ ಅಲ್ಲ, ಮೊಟ್ಟೆ ತಿನ್ನುವವರ ಡಬ್ಬಿಗಳೂ ಖಾಲಿಯಾಗಿದ್ದವು.

ಬುಧವಾರ ಶಿನ್ ಒಸಾಕಾ ನಿಲ್ದಾಣದಿಂದ ‘ಶಿಂಕಾನ್ಸೆನ್’ ಎಂಬ ಅತಿವೇಗದ ರೈಲು ಹತ್ತಿದ ಮೇಲೆ ಪ್ರವಾಸ ನಿಜವಾಗಿ ಆರಂಭವಾಯಿತು. ಸುಮಾರು ಒಂದೂವರೆ ಗಂಟೆಯಲ್ಲಿ ಹಿರೊಶಿಮಾ. ನಗರದ ಅಂಚಿನ ಒಂದು ಖಾಸಗಿ ಶಾಲೆಯ ಸಭಾಂಗಣದಲ್ಲಿ ಹದಿನೆಂಟು ಕುಟುಂಬಗಳು ನಮ್ಮ ಹೆಸರು ಬರೆದ ಹಾಳೆ ಹಿಡಿದು ಕಾಯುತ್ತಿದ್ದವು. ನನ್ನ ಹೆಸರು ಹಿಡಿದಿದ್ದವಳು ನನ್ನ ವಯಸ್ಸಿನ ಒಬ್ಬ ಹುಡುಗಿ, ಪಕ್ಕದಲ್ಲಿ ಅವಳ ತಾಯಿ. ಆ ಮನೆಯಲ್ಲಿದ್ದಷ್ಟು ದಿನ ನಾನೂ ಅವರನ್ನು ‘ಒಕಾಸಾನ್’ ಎಂದೇ ಕರೆದೆ, ಅದರರ್ಥ ಅಮ್ಮ.

ಮೊದಲ ರಾತ್ರಿಯೇ ಅನಾಹುತ ಮಾಡಿಕೊಂಡೆ. ಅಲ್ಲಿ ಬಚ್ಚಲುಮನೆಯ ಗೋಡೆಯಲ್ಲೊಂದು ಸಣ್ಣ ಫಲಕ ಇರುತ್ತದೆ. ನೀರು ಕಾದ ಕೂಡಲೇ ಒಂದು ರಾಗ ನುಡಿಸಿ, ‘ಒಫುರೊ ಗಾ ವಾಕಿಮಾಶಿತಾ’, ಅಂದರೆ ‘ಸ್ನಾನದ ನೀರು ಕಾದಿದೆ’ ಎಂದು ಹೆಣ್ಣುದನಿಯಲ್ಲಿ ಹೇಳುತ್ತದೆ. ಅತಿಥಿಯೆಂದು ನನ್ನನ್ನೇ ಮೊದಲು ಕಳಿಸಿದರು. ಆಳವಾದ ತೊಟ್ಟಿಯ ತುಂಬ ಬಿಸಿನೀರು. ಇಳಿದೆ, ನೆನೆದೆ, ಮಿಂದೆ, ನಮ್ಮಲ್ಲಿ ಮಾಡುವಂತೆ ಬಳಸಿದ ನೀರನ್ನು ಹಾಗೇ ಬಿಟ್ಟು ಬರಬಾರದೆಂದು ಅಡಿಯ ಬಿರಡೆ ಕಿತ್ತು, ತೊಟ್ಟಿಯನ್ನು ತೊಳೆದು, ಬಹಳ ಒಳ್ಳೆಯ ಹುಡುಗಿಯ ಹಾಗೆ ಹೊರಗೆ ಬಂದೆ. ಮೈಯನ್ನು ತೊಟ್ಟಿಯ ಹೊರಗೆ ಕುಳಿತು ಸೋಪು ಹಾಕಿ ತೊಳೆದುಕೊಂಡು, ಶುಚಿಯಾದ ಮೇಲಷ್ಟೇ ನೀರಿಗಿಳಿಯಬೇಕು, ಅದೇ ನೀರಿನಲ್ಲಿ ಮನೆಮಂದಿಯೆಲ್ಲ ಒಬ್ಬರಾದ ಮೇಲೊಬ್ಬರು ಕೂರುತ್ತಾರೆ ಎಂಬುದು ನನಗೆ ಹೇಗೆ ಗೊತ್ತಿರಬೇಕು? ಒಕಾಸಾನ್ ಬರಿದಾದ ತೊಟ್ಟಿಯನ್ನು ಒಂದು ಕ್ಷಣ ನೋಡಿ, ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು, ಮತ್ತೆ ಗುಂಡಿ ಒತ್ತಿದರು. ಸ್ವಲ್ಪ ಹೊತ್ತಿನ ನಂತರ ಗೋಡೆಯ ದನಿ ಮತ್ತೊಮ್ಮೆ ‘ವಾಕಿಮಾಶಿತಾ’ ಎಂದಾಗ ಮನೆಯವರೆಲ್ಲ ನಕ್ಕರು, ನಾನು ಮಾತ್ರ ನೆಲ ನೋಡುತ್ತಿದ್ದೆ. ಮರುದಿನ ಕೇಳಿದರೆ ನಮ್ಮ ತಂಡದ ಐದು ಮಂದಿ ಇದನ್ನೇ ಮಾಡಿದ್ದರು. ಮಾಹಿತಿ ಶಿಬಿರದಲ್ಲಿ ಟೀ ಶರ್ಟಿನ ಬಣ್ಣಕ್ಕೆ ಕೊಟ್ಟ ಸಮಯದಲ್ಲಿ ಹತ್ತನೇ ಒಂದು ಭಾಗವನ್ನು ಇದಕ್ಕೆ ಕೊಟ್ಟಿದ್ದರೆ ಸಾಕಿತ್ತು.

ಆ ಮನೆಯ ಅಜ್ಜಿಯೊಂದಿಗಿನ ಅರ್ಧ ಗಂಟೆಯನ್ನು ನಾನು ಇಡೀ ಕ್ಯೋಟೊದ ಬದಲಿಗೆ ಇಟ್ಟುಕೊಳ್ಳುತ್ತೇನೆ. ಉಡುಗೊರೆಯೆಂದು ಚನ್ನಪಟ್ಟಣದ ಗೊಂಬೆ, ಮೈಸೂರು ಸ್ಯಾಂಡಲ್ ಸೋಪು ಮತ್ತು ಒಂದು ಕಟ್ಟು ಊದುಬತ್ತಿ ಒಯ್ದಿದ್ದೆ. ಗೊಂಬೆಯನ್ನು ಆ ಹುಡುಗಿಯ ಚಿಕ್ಕ ತಮ್ಮ ಎತ್ತಿಕೊಂಡು ಓಡಿದ. ಅಜ್ಜಿ ಸೋಪಿನ ಪೆಟ್ಟಿಗೆಯನ್ನು ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ‘ಬ್ಯಾಕುದಾನ್’ ಎಂದರು. ಜಪಾನಿಯಲ್ಲಿ ಶ್ರೀಗಂಧಕ್ಕೆ ಅದೇ ಹೆಸರು. ಆಮೇಲೆ ನನ್ನ ಕೈ ಹಿಡಿದು ಒಳಕೋಣೆಗೆ ಕರೆದೊಯ್ದರು. ಅಲ್ಲಿ ಬೀರುವಿನಂಥ ಕಪ್ಪು ಮರದ ಮಂಟಪದಲ್ಲಿ ತೀರಿಹೋದ ಅಜ್ಜನ ಫೋಟೊ, ಒಂದು ಪುಟ್ಟ ಬಟ್ಟಲು ಗಂಟೆ, ಬೂದಿ ತುಂಬಿದ ಕುಡಿಕೆ. ಅವರ ಊದುಬತ್ತಿಗೆ ನಡುವೆ ಬಿದಿರು ಕಡ್ಡಿ ಇರುವುದಿಲ್ಲ, ಪೂರ್ತಿ ಉರಿದು ಬೂದಿಯಾಗುತ್ತದೆ. ನಮ್ಮ ಬತ್ತಿಯ ಕಡ್ಡಿಯನ್ನು ಹಿಂದುಮುಂದು ತಿರುಗಿಸಿ ನೋಡಿ, ಇದನ್ನೇನು ಮಾಡುವುದೆಂದು ನನ್ನತ್ತ ನೋಡಿದರು. ನಾನು ಬೂದಿಯಲ್ಲಿ ಸಿಕ್ಕಿಸಿ ತೋರಿಸಿದೆ. ಗಂಟೆ ಒಮ್ಮೆ ಬಾರಿಸಿ ಇಬ್ಬರೂ ಕೈಮುಗಿದೆವು. ಅಷ್ಟು ಹೊತ್ತಿನಲ್ಲಿ ನಮ್ಮಿಬ್ಬರ ನಡುವೆ ಆದ ಮಾತು ಆ ಒಂದೇ ಪದ.

ಶಾಲೆಯ ದಿನ ಆರಂಭವಾಗುವುದು ಪಾದರಕ್ಷೆಯಿಂದ. ಬಾಗಿಲಲ್ಲಿ ಪ್ರತಿಯೊಬ್ಬರಿಗೂ ಒಂದು ಗೂಡು, ಅದರಲ್ಲಿ ಒಳಗೆ ಮಾತ್ರ ಹಾಕುವ ಬಿಳಿ ಬೂಟು. ಶಿಕ್ಷಕರು ತರಗತಿಗೆ ಬಂದೊಡನೆ ಆ ದಿನದ ಸರದಿಯ ವಿದ್ಯಾರ್ಥಿ ‘ಕಿರಿತ್ಸು, ರೇ, ಚಾಕುಸೆಕಿ’ ಎನ್ನುತ್ತಾನೆ: ಏಳಿ, ವಂದಿಸಿ, ಕೂರಿ. ನಮ್ಮ ‘ನಮಸ್ತೇ ಟೀಚರ್’ ಎಂಬ ಎಳೆದ ರಾಗದ ಮುಂದೆ ಇದು ಬಹಳ ಚುಟುಕು. ಊಟದ ನಂತರ ಧ್ವನಿವರ್ಧಕದಲ್ಲಿ ಸಂಗೀತ ಹಾಕಿದ ಕೂಡಲೇ ಎಲ್ಲರೂ ಪೊರಕೆ ಮತ್ತು ಒದ್ದೆಬಟ್ಟೆ ಹಿಡಿಯುತ್ತಾರೆ. ತರಗತಿ, ಮೆಟ್ಟಿಲು, ಶೌಚಾಲಯ ಎಲ್ಲವನ್ನೂ ವಿದ್ಯಾರ್ಥಿಗಳೇ ಸರದಿಯ ಮೇಲೆ ಶುಚಿಗೊಳಿಸುತ್ತಾರೆ. ಇದನ್ನು ಕುರಿತು ನಮ್ಮಲ್ಲಿ ಭಾಷಣಗಳನ್ನು ಬೇಕಾದಷ್ಟು ಕೇಳಿದ್ದೇನೆ, ಆದ್ದರಿಂದ ಶಿಸ್ತಿನ ಮೂರ್ತಿಗಳನ್ನೇ ನಿರೀಕ್ಷಿಸಿದ್ದೆ. ವಾಸ್ತವದಲ್ಲಿ ನನ್ನ ಗುಂಪಿನ ಇಬ್ಬರು ಹುಡುಗರು ಪೊರಕೆಯನ್ನು ಬ್ಯಾಟು ಮಾಡಿಕೊಂಡು ಕಾಗದದ ಉಂಡೆಯಲ್ಲಿ ಬೇಸ್‌ಬಾಲ್ ಆಡುತ್ತಿದ್ದರು, ಮತ್ತೊಬ್ಬಳು ಅವರ ಪಾಲಿನ ಮೂಲೆಯನ್ನೂ ಗೊಣಗುತ್ತ ಗುಡಿಸಿದಳು. ಆದರೆ ಸಂಗೀತ ನಿಲ್ಲುವ ಹೊತ್ತಿಗೆ ನೆಲ ಶುಚಿಯಾಗಿತ್ತು.

ಶುಕ್ರವಾರದ ಇಂಗ್ಲಿಷ್ ತರಗತಿಯಲ್ಲಿ ನಮ್ಮ ಭಾಷೆಯ ಬಗ್ಗೆ ಐದು ನಿಮಿಷ ಮಾತನಾಡಬೇಕಿತ್ತು. ನಾನು ಹಲಗೆಯ ಮೇಲೆ ‘ನಾನು ಶಾಲೆಗೆ ಹೋಗುತ್ತೇನೆ’ ಎಂದು ಬರೆದೆ. ಕೆಳಗೆ, ನಾನು ಉಳಿದಿದ್ದ ಮನೆಯ ಗೆಳತಿ ಅದನ್ನೇ ಜಪಾನಿಯಲ್ಲಿ ಬರೆದಳು: ‘ವತಾಶಿ ವಾ ಗಕ್ಕೋ ನಿ ಇಕಿಮಾಸು’. ‘ನಾನು’ವಿನಿಂದ ‘ವತಾಶಿ’ಗೆ, ‘ಶಾಲೆ’ಯಿಂದ ‘ಗಕ್ಕೋ’ಗೆ, ‘ಗೆ’ ಪ್ರತ್ಯಯದಿಂದ ‘ನಿ’ಗೆ, ‘ಹೋಗುತ್ತೇನೆ’ಯಿಂದ ‘ಇಕಿಮಾಸು’ಗೆ ಗೆರೆ ಎಳೆದರೆ ಒಂದನ್ನೊಂದು ಮುಟ್ಟದೆ ನೇರ ಇಳಿದವು. ಅದರ ಕೆಳಗೆ ಶಿಕ್ಷಕರು ಇಂಗ್ಲಿಷ್ ವಾಕ್ಯ ಬರೆದು ಗೆರೆ ಎಳೆದಾಗ ಗೆರೆಗಳು ಒಂದರ ಮೇಲೊಂದು ಹಾದು ಗೋಜಲಾದವು. ಪ್ರಶ್ನೆಯೂ ಹಾಗೆಯೇ: ನಾವು ವಾಕ್ಯದ ಬಾಲಕ್ಕೆ ಒಂದು ‘ಆ’ ಸೇರಿಸಿ ‘ಹೋಗುತ್ತೀರಾ?’ ಎನ್ನುತ್ತೇವೆ, ಅವರು ಒಂದು ‘ಕಾ’ ಸೇರಿಸಿ ‘ಇಕಿಮಾಸು ಕಾ?’ ಎನ್ನುತ್ತಾರೆ. ಅವರ ಅಕ್ಷರಮಾಲೆಯ ಕ್ರಮ ಕೇಳಿದಾಗ ಇನ್ನೂ ಬೆರಗಾಯಿತು. ಸ್ವರಗಳು ‘ಅ ಇ ಉ ಎ ಒ’. ಸಾಲುಗಳು ‘ಕ ಸ ತ ನ ಹ ಮ ಯ ರ ವ’. ನಮ್ಮ ಕ ಚ ತ ಪ ವರ್ಗಗಳೂ ಯ ರ ಲ ವಗಳೂ ಅಲ್ಲಿ ಅದೇ ಕ್ರಮದಲ್ಲಿ ಕುಳಿತಿವೆ. ‘ಚ’ ಇರಬೇಕಾದಲ್ಲಿ ‘ಸ’ ಇದೆ, ಹಿಂದೊಮ್ಮೆ ‘ಪ’ ಎಂದು ಉಚ್ಚರಿಸುತ್ತಿದ್ದುದು ಇಂದು ‘ಹ’ ಆಗಿದೆ, ಅಷ್ಟೇ. ಬೌದ್ಧ ಭಿಕ್ಷುಗಳು ಸಂಸ್ಕೃತದ ಅಕ್ಷರಗಳನ್ನು ಅಭ್ಯಾಸ ಮಾಡಿದ್ದರ ಗುರುತು ಅದು. ಹೊರಡುವ ಮೊದಲು ನಾಲ್ಕು ಶನಿವಾರ ನಮಗೆ ಜಪಾನಿ ಪಾಠ ಮಾಡಿದವರು ಪ್ರತಿ ವಾಕ್ಯವನ್ನೂ ಇಂಗ್ಲಿಷಿನಿಂದ ತಿರುಗಿಸಿ ಹೇಳಿಕೊಡುತ್ತಿದ್ದರು. ಕನ್ನಡದಿಂದ ಹೇಳಿಕೊಟ್ಟಿದ್ದರೆ ಎರಡು ಶನಿವಾರ ಉಳಿಯುತ್ತಿತ್ತು.

ಶನಿವಾರ ಬೆಳಿಗ್ಗೆ ಕುಟುಂಬಗಳಿಂದ ಬೀಳ್ಕೊಂಡು ಶಾಂತಿ ಸ್ಮಾರಕ ಉದ್ಯಾನಕ್ಕೆ ಹೋದೆವು. ಒಕಾಸಾನ್ ನನಗೆಂದು ಮೂರು ದಿನವೂ ಮೀನಿನ ಬದಲು ‘ಕೊಂಬು’ ಎಂಬ ಕಡಲಪಾಚಿಯಿಂದ ದಾಶಿ ಕುದಿಸಿ ಅಡುಗೆ ಮಾಡಿದ್ದರು. ಆ ದಿನವೂ ಅನ್ನ, ಸಿಹಿಗುಂಬಳ, ಎಳ್ಳು ಹಾಕಿದ ಬೀನ್ಸ್ ತುಂಬಿದ ಡಬ್ಬಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಕೊಟ್ಟರು. ನಾವು ಹೋದದ್ದು ಟ್ರಾಮಿನಲ್ಲಿ. 1945ರ ಆಗಸ್ಟ್ 6ರ ಬೆಳಿಗ್ಗೆ 8.15ಕ್ಕೆ ಬಾಂಬು ಬಿದ್ದು ಮೂರೇ ದಿನಕ್ಕೆ ಈ ನಗರದ ಒಂದು ಮಾರ್ಗದಲ್ಲಿ ಟ್ರಾಮು ಮತ್ತೆ ಓಡಿತ್ತು ಎಂದು ಗೆಳತಿ ಹಿಂದಿನ ದಿನ ಶಾಲೆಗೆ ಹೋಗುವಾಗ ಹೇಳಿದ್ದಳು. ಆ ವರ್ಷದ ಕೊನೆಯ ಹೊತ್ತಿಗೆ ಸುಮಾರು 1,40,000 ಜನ ಸತ್ತಿದ್ದರು. ಸದಾಕೊ ಸಸಾಕಿ ಎಂಬ ಬಾಲಕಿ ಬಾಂಬು ಬಿದ್ದ ಹತ್ತು ವರ್ಷಗಳ ನಂತರ, ಹನ್ನೆರಡರ ವಯಸ್ಸಿನಲ್ಲಿ, ಗುಣವಾಗಲೆಂದು ಆಸ್ಪತ್ರೆಯಲ್ಲಿ ಕಾಗದದ ಕೊಕ್ಕರೆಗಳನ್ನು ಮಡಚುತ್ತಲೇ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡಳು. ಅವಳ ನೆನಪಿಗೆ 1958ರಲ್ಲಿ ನಿಲ್ಲಿಸಿದ ಮಕ್ಕಳ ಸ್ಮಾರಕಕ್ಕೆ ನಾವು ಮೈಸೂರಿನಲ್ಲಿ ಮಡಚಿದ್ದ ಸಾವಿರ ಕಾಗದದ ಕೊಕ್ಕರೆಗಳನ್ನು ಅರ್ಪಿಸಿದೆವು.

ವಸ್ತುಸಂಗ್ರಹಾಲಯಕ್ಕೆ ನಮಗೆ ಕೊಟ್ಟ ಸಮಯ ನಲವತ್ತು ನಿಮಿಷ. ಬಾಂಬು ಬಿದ್ದ ದಿನ ಬೆಳಿಗ್ಗೆ ನಗರದಲ್ಲಿ ಸಾವಿರಾರು ಶಾಲಾಮಕ್ಕಳು, ನನಗಿಂತ ಒಂದೆರಡು ವರ್ಷ ಚಿಕ್ಕವರು, ಬೆಂಕಿ ಹರಡದಿರಲೆಂದು ಮನೆಗಳನ್ನು ಕೆಡವಿ ಬಯಲು ಮಾಡುವ ಕೆಲಸದಲ್ಲಿದ್ದರು. ಅವರಲ್ಲೊಬ್ಬ ಹುಡುಗನ ಊಟದ ಡಬ್ಬಿ ಅಲ್ಲಿ ಗಾಜಿನ ಹಿಂದೆ ಇದೆ. ಲೋಹ ಸೊಟ್ಟಗಾಗಿದೆ, ಒಳಗಿನ ಊಟ ಡಬ್ಬಿಯ ಆಕಾರದಲ್ಲಿಯೇ ಇದ್ದಿಲಾಗಿದೆ. ಮಗನ ಶವವನ್ನು ತಾಯಿ ಗುರುತಿಸಿದ್ದು ಆ ಡಬ್ಬಿಯಿಂದ. ನನ್ನ ಬೆನ್ನ ಚೀಲದಲ್ಲಿದ್ದ ಗಂಟು ಇನ್ನೂ ಬೆಚ್ಚಗಿತ್ತು. ಅಲ್ಲಿಂದ ಕಾಲು ಕೀಳಲಾಗದೆ ನಿಂತಿದ್ದಾಗ ಪ್ರವಾಸದ ಮೇಲ್ವಿಚಾರಕರು ಭುಜ ತಟ್ಟಿ, ಬಸ್ಸು ಬಂದಿದೆ ಎಂದರು. ಬಸ್ಸು ಹೋದದ್ದು ಒಂದು ಮಾಲ್‌ಗೆ. ಅಲ್ಲಿಗೆ ಕೊಟ್ಟ ಸಮಯ ಮೂರು ಗಂಟೆ. ಇಡೀ ಪ್ರವಾಸದಲ್ಲಿ ನನಗೆ ಅತ್ಯಂತ ಸಿಟ್ಟು ಬಂದ ಗಳಿಗೆ ಅದು, ಆ ಸಿಟ್ಟು ಇನ್ನೂ ಇಳಿದಿಲ್ಲ. ಕರಪತ್ರದಲ್ಲಿ ‘ಹಿರೊಶಿಮಾ: ಶಾಂತಿಯ ಪಾಠ’ ಎಂದು ಅಚ್ಚು ಹಾಕಿದ್ದವರೂ ಅವರೇ.

ಕೊನೆಯ ದಿನದ ಮಿಯಾಜಿಮಾ ದ್ವೀಪ ಚೆನ್ನಾಗಿತ್ತು. ದೋಣಿಯಲ್ಲಿ ಹತ್ತು ನಿಮಿಷ, ಭರತದ ನೀರಿನಲ್ಲಿ ನಿಂತ ಇತ್ಸುಕುಶಿಮಾ ದೇಗುಲದ ಕೆಂಪು ಕಮಾನು, ದಡದಲ್ಲಿ ಭಯವಿಲ್ಲದ ಜಿಂಕೆಗಳು. ಒಂದು ಜಿಂಕೆ ಹಿಂದಿನಿಂದ ಬಂದು ಮೇಲ್ವಿಚಾರಕರ ಜೇಬಿನಲ್ಲಿದ್ದ ವೇಳಾಪಟ್ಟಿಯನ್ನು ಎಳೆದು ಅಗಿದು ತಿಂದುಬಿಟ್ಟಿತು. ನಾವು ಹದಿನೆಂಟು ಮಂದಿ ಅದಕ್ಕೆ ಮನಸಾರೆ ಚಪ್ಪಾಳೆ ತಟ್ಟಿದೆವು.

ಹಾಗಾದರೆ ಹೋಗಬಹುದೇ? ಶಾಲೆ ಮತ್ತು ಮನೆಗಳಿಗೆ ನನ್ನ ಪೂರ್ಣ ಅಂಕ, ಏರ್ಪಾಡು ಮಾಡಿದವರಿಗೆ ಹತ್ತಕ್ಕೆ ನಾಲ್ಕು, ಅದರಲ್ಲಿ ಮೂರು ವೀಸಾ ಕೆಲಸದ್ದು. ಹಣ ಕಟ್ಟುವ ಮೊದಲು ಪೋಷಕರು ಕೇಳಬೇಕಾದ ಮೊದಲ ಪ್ರಶ್ನೆ ಎಷ್ಟು ಸ್ಥಳ ತೋರಿಸುತ್ತೀರಿ ಎಂಬುದಲ್ಲ, ಎಷ್ಟು ರಾತ್ರಿ ಮನೆಯಲ್ಲಿ ಇಡುತ್ತೀರಿ ಎಂಬುದು. ಒಸಾಕಾದ ಎರಡು ದಿನಗಳನ್ನು ಕಿತ್ತು ಹಿರೊಶಿಮಾಕ್ಕೆ ಸೇರಿಸಿದರೆ ಖರ್ಚೂ ಇಳಿಯುತ್ತದೆ, ಏಕೆಂದರೆ ಹೋಟೆಲಿಗೆ ಬಾಡಿಗೆ ಉಂಟು, ಒಕಾಸಾನ್ ಬಾಡಿಗೆ ಕೇಳಲಿಲ್ಲ. ಎರಡನೆಯದು, ಆ ಕಡೆಯ ಮಕ್ಕಳು ಯಾವಾಗ ಬರುತ್ತಾರೆ ಎಂದು ಬರವಣಿಗೆಯಲ್ಲಿ ಕೇಳಿ. ಬೀಳ್ಕೊಡುವಾಗ ಗೆಳತಿ ನನ್ನನ್ನು ಕೇಳಿದ್ದೂ ಅದನ್ನೇ, ನನ್ನ ಬಳಿ ಉತ್ತರವಿರಲಿಲ್ಲ. ಊರಿಗೆ ಬಂದು ಸಂಸ್ಥೆಯವರನ್ನು ವಿಚಾರಿಸಿದರೆ ‘ಅದು ಬೇರೆ ಪ್ಯಾಕೇಜು’ ಎಂದರು. ಒಂದೇ ಕಡೆಯವರು ಹೋಗಿಬರುವುದಕ್ಕೆ ವಿನಿಮಯ ಎಂಬ ಹೆಸರು ಹೇಗೆ ಸಲ್ಲುತ್ತದೆ ಎಂದು ನಮ್ಮ ಕನ್ನಡ ಮೇಷ್ಟ್ರು ಪೋಷಕರ ಸಭೆಯಲ್ಲಿ ಎದ್ದುನಿಂತು ಕೇಳಿದ ಮೇಲೆ, ಸಂಸ್ಥೆಯನ್ನು ಬದಿಗಿಟ್ಟು ಎರಡೂ ಶಾಲೆಗಳೇ ನೇರವಾಗಿ ಪತ್ರ ಬರೆದುಕೊಳ್ಳತೊಡಗಿವೆ. ಬರುವ ದಸರೆಗೆ ಐದು ಮಂದಿ ಮೈಸೂರಿಗೆ ಬರುವುದು ಬಹುಮಟ್ಟಿಗೆ ಖಚಿತವಾಗಿದೆ. ಜಂಬೂಸವಾರಿಯ ದಿನ ಎಲ್ಲಿ ನಿಲ್ಲಿಸುವುದೆಂದು ಅಪ್ಪ ಈಗಲೇ ಜಾಗ ಹುಡುಕುತ್ತಿದ್ದಾರೆ. ಗೆಳತಿ ನಮ್ಮ ಮನೆಯಲ್ಲಿಯೇ ಉಳಿಯುತ್ತಾಳೆ. ಹೋದ ವಾರ ಬಂದ ಅವಳ ಪತ್ರದಲ್ಲಿ ಊಟದ ಬಗ್ಗೆ ಏನನ್ನೂ ಕೇಳಿಲ್ಲ. ನಿಮ್ಮ ಮನೆಯ ಬಚ್ಚಲಿನಲ್ಲಿ ಸ್ನಾನವಾದ ಮೇಲೆ ನೀರನ್ನು ಬಿಡಬೇಕೇ, ಉಳಿಸಬೇಕೇ ಎಂದಷ್ಟೇ ಕೇಳಿದ್ದಾಳೆ.